ಆಸಿಲೋಸ್ಕೋಪಿನಲ್ಲಿ ಝೂಮ್: ಯಾವ ನಾಬ್, ಯಾವಾಗ?

ವೋಲ್ಟೇಜ್ ಹೊತ್ತಿನೊಂದಿಗೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಆಸಿಲೋಸ್ಕೋಪಿನ (ಸ್ಕೋಪ್) ಪರದೆಯ ಮೇಲೆ ಅಲೆಯನ್ನು ಹಿಗ್ಗಿಸಿ ನೋಡಲು ಮೂರು ದಾರಿ ಇವೆ: ಓಡುತ್ತಿರುವಾಗಲೇ ಟೈಮ್‌ಬೇಸ್ (ಅಡ್ಡಕ್ಕೆ ಒಂದು ಚೌಕಕ್ಕೆ ಎಷ್ಟು ಹೊತ್ತು ಎಂಬುದು) ಬದಲಿಸುವುದು, ಸ್ಟಾಪ್ ಮಾಡಿ ಹಿಗ್ಗಿಸುವುದು, ಪರದೆಯನ್ನು ಎರಡು ಭಾಗ ಮಾಡುವ ಝೂಮ್. ಪೀಣ್ಯದ ರಿಪೇರಿ ಮೇಜಾಗಲಿ, ಕಾಲೇಜಿನ ಲ್ಯಾಬಾಗಲಿ, ಮೂರನ್ನೂ ಒಂದೇ ಎಂದು ಬಳಸಿದರೆ ಅಳತೆ ಕೈಕೊಡುತ್ತದೆ.

ರಿಗೋಲ್ ಡಿಎಸ್1054ಝಡ್ ಮತ್ತು ಸಿಗ್ಲೆಂಟ್ ಎಸ್‌ಡಿಎಸ್1104ಎಕ್ಸ್-ಇ, ಈ ಎರಡು ಸ್ಕೋಪ್‌ಗಳಿಗೂ ಒಂದೇ ಸಿಗ್ನಲ್ ಕೊಟ್ಟು ನೋಡಿದ್ದು ಹೀಗೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಯುಎಸ್‌ಬಿ-ಟಿಟಿಎಲ್ ಬೋರ್ಡ್ (ಕಂಪ್ಯೂಟರಿನಿಂದ ಸೀರಿಯಲ್ ಸಿಗ್ನಲ್ ಕೊಡುವಂಥದ್ದು) ಸಾಕು. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್), 200 ಮಿಲಿಸೆಕೆಂಡಿಗೊಮ್ಮೆ ದೊಡ್ಡ 'ಯು' ಅಕ್ಷರ ಕಳಿಸಿ. ಅಕ್ಷರದ ಆರಂಭ ಗುರುತಿಸುವ ಸ್ಟಾರ್ಟ್ ಬಿಟ್‌ನಿಂದ ಕೊನೆ ಗುರುತಿಸುವ ಸ್ಟಾಪ್ ಬಿಟ್‌ವರೆಗೆ ಸೊನ್ನೆ-ಒಂದು ಸರಿಯಾಗಿ ಅದಲುಬದಲಾಗುವುದರಿಂದ ಎಣಿಸಲು ಸುಲಭ. ಒಂದು ಬಿಟ್ 8.68 ಮೈಕ್ರೊಸೆಕೆಂಡ್, ಇಡೀ ಅಕ್ಷರ 86.8. ಟ್ರಿಗರ್ (ಯಾವಾಗ ಹಿಡಿಯಬೇಕೆಂಬ ಷರತ್ತು) ಇಳಿಯುವ ಅಂಚಿಗೆ, ಮಟ್ಟ 1.5 ವೋಲ್ಟ್, 100 ಮಿಲಿಸೆಕೆಂಡ್/ಡಿವಿಷನ್ (ಡಿವಿಷನ್ ಎಂದರೆ ಪರದೆಯ ಒಂದು ಚೌಕ) ಇಟ್ಟು, ಒಮ್ಮೆ ಮಾತ್ರ ಹಿಡಿದು ನಿಲ್ಲುವ ಸಿಂಗಲ್ ಗುಂಡಿ ಒತ್ತಿ.

ಓಡುತ್ತಿರುವಾಗ ಟೈಮ್‌ಬೇಸ್ ತಿರುಗಿಸಿದರೆ ಸ್ಕೋಪ್ ಹೊಸದಾಗಿ ಹಿಡಿಯುತ್ತದೆ, ಹಳೆಯದು ಹೋಯಿತು. ಮತ್ತೆ ಮತ್ತೆ ಬರುವ ಅಲೆಗೆ ಇದೇ ಒಳ್ಳೆಯದು, ಏಕೆಂದರೆ ಸ್ಯಾಂಪಲ್ ದರವೂ (ಸೆಕೆಂಡಿಗೆ ಅಳೆಯುವ ಬಿಂದುಗಳ ಸಂಖ್ಯೆ) ಜೊತೆಗೇ ಏರುತ್ತದೆ. ಒಮ್ಮೆ ಮಾತ್ರ ಬರುವ ದೋಷಕ್ಕೆ ಇದು ಆಗದು.

ಸ್ಟಾಪ್ ಮಾಡಿ ಹಿಗ್ಗಿಸುವಾಗ ಹೊಸ ಮಾಹಿತಿ ಏನೂ ಬರುವುದಿಲ್ಲ, ಮೆಮೊರಿಯಲ್ಲಿದ್ದದ್ದೇ ದೊಡ್ಡದಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ರಿಗೋಲ್‌ನಲ್ಲಿ ಅಡ್ಡಕ್ಕೆ 12 ಡಿವಿಷನ್, ಅಂದರೆ 1.2 ಸೆಕೆಂಡ್. ಅಕ್ವೈರ್ ಮೆನುವಿನಲ್ಲಿ ಮೆಮೊರಿ 12 ಸಾವಿರ ಬಿಂದುಗಳಿಗಿದ್ದರೆ ಎರಡು ಬಿಂದುಗಳ ನಡುವೆ 100 ಮೈಕ್ರೊಸೆಕೆಂಡ್: ಇಡೀ ಅಕ್ಷರವೇ ಆ ಸಂದಿಯಲ್ಲಿ ನುಸುಳಿ ಹೋಗಬಹುದು, ಎಷ್ಟು ಹಿಗ್ಗಿಸಿದರೂ ಬರೀ ಓರೆ ಗೆರೆ. ಅದೇ 1.2 ಕೋಟಿಗೆ ಏರಿಸಿದರೆ ಅಂತರ 100 ನ್ಯಾನೊಸೆಕೆಂಡ್, ಬಿಟ್ ಒಂದಕ್ಕೆ ಸುಮಾರು 87 ಬಿಂದು. ಹಾಗಾಗಿ ಮೆಮೊರಿಯನ್ನು ಸಿಂಗಲ್ ಒತ್ತುವ ಮುಂಚೆಯೇ ಏರಿಸಿಡಿ.

ಚಾನೆಲ್ (ಸಿಗ್ನಲ್ ಒಳಬರುವ ದಾರಿ) ಹೆಚ್ಚಾದರೆ ಮೆಮೊರಿ ಹಂಚಿಹೋಗುತ್ತದೆ. ರಿಗೋಲ್‌ನಲ್ಲಿ ಎರಡು ಚಾನೆಲ್ ಹಾಕಿದರೆ ತಲಾ 60 ಲಕ್ಷ, ಮೂರೋ ನಾಲ್ಕೋ ಹಾಕಿದರೆ ತಲಾ 30 ಲಕ್ಷ. ಸಿಗ್ಲೆಂಟ್‌ನಲ್ಲಿ 1 ಮತ್ತು 2 ಒಂದು ಜೋಡಿ, 3 ಮತ್ತು 4 ಇನ್ನೊಂದು. ಎರಡು ಪ್ರೋಬ್ (ಅಳೆಯುವ ತಂತಿ) ಬೇಕಾದಾಗ 1 ಮತ್ತು 3ಕ್ಕೆ ಹಾಕಿದರೆ ಎರಡಕ್ಕೂ ಪೂರ್ತಿ 1.4 ಕೋಟಿ ಉಳಿಯುತ್ತದೆ. ಇದೊಂದಕ್ಕೇ ಸಿಗ್ಲೆಂಟ್ ಮೆಚ್ಚಬೇಕು.

ಒಂದೇ ಸಲ ಬರುವ ಸಿಗ್ನಲ್ಲಿಗೆ ನಮ್ಮ ಆಯ್ಕೆ ಮೂರನೆಯ ದಾರಿ. ಎರಡೂ ಸ್ಕೋಪ್‌ಗಳಲ್ಲಿ ಹಾರಿಜಾಂಟಲ್ ಸ್ಕೇಲ್ ನಾಬನ್ನು ಒಳಕ್ಕೆ ಒತ್ತಿದರೆ ಪರದೆ ಇಬ್ಭಾಗವಾಗುತ್ತದೆ: ಮೇಲೆ ಇಡೀ ಅಲೆ, ಕೆಳಗೆ ಹಿಗ್ಗಿದ ತುಣುಕು. ನಾಬನ್ನು 10 ಮೈಕ್ರೊಸೆಕೆಂಡ್/ಡಿವಿಷನ್‌ಗೆ ತನ್ನಿ, ಅಕ್ಷರ ಪೂರ್ತಿ ಕೆಳಗೆ ಕೂರುತ್ತದೆ. ಯಾವ ಅಕ್ಷರ ನೋಡುತ್ತಿದ್ದೀರಿ ಎಂಬುದು ಮೇಲಿನ ಭಾಗದಲ್ಲಿ ಕಾಣುತ್ತಲೇ ಇರುತ್ತದೆ. ಸ್ಟಾಪ್ ಮಾಡಿ ತಿರುಗಿಸಿದರೆ ಈ ಗುರುತು ತಪ್ಪಿ, ಪರದೆಯ ಮೇಲಂಚಿನ ಸಣ್ಣ ಪಟ್ಟಿಯನ್ನೇ ನಂಬಬೇಕಾಗುತ್ತದೆ. ಆದರೆ ಝೂಮ್‌ನಲ್ಲಿ ಅಲೆಯ ಎತ್ತರ ಕುಗ್ಗುತ್ತದೆ, ಕರ್ಸರ್ (ಅಳತೆಯ ಗೆರೆ) ಕೂರಿಸುವುದು ಕಷ್ಟ. ಅಂಚಿನ ಏರಿಕೆ ಅಳೆಯುವಾಗ ಝೂಮ್ ಆಫ್ ಮಾಡಿ. ಮುಂದಿನ ಅಕ್ಷರಕ್ಕೆ ಹೋಗಲು ಪೊಸಿಷನ್ ನಾಬನ್ನೇ ತಿರುಗಿಸುತ್ತಾ ಕೂರಬೇಡಿ. ಸ್ಕೇಲ್ ಅಗಲ ಮಾಡಿ, ಜಿಗಿದು, ಮತ್ತೆ ಕಿರಿದು ಮಾಡಿ. ಸಿಗ್ಲೆಂಟ್‌ನಲ್ಲಿ ಸರ್ಚ್, ನ್ಯಾವಿಗೇಟ್ ಗುಂಡಿಗಳೇ ಇವೆ.

ಎತ್ತರದ ವಿಷಯ ಬೇರೆ. ಎರಡರಲ್ಲೂ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ 8 ಬಿಟ್, ಒಟ್ಟು 256 ಮೆಟ್ಟಿಲು. 5 ವೋಲ್ಟ್ ಸಪ್ಲೈಯನ್ನು 1 ವೋಲ್ಟ್/ಡಿವಿಷನ್‌ನಲ್ಲಿ ಹಿಡಿದರೆ ಒಂದು ಮೆಟ್ಟಿಲೇ 30–40 ಮಿಲಿವೋಲ್ಟ್. 50 ಮಿಲಿವೋಲ್ಟ್ ರಿಪಲ್ (ಸಪ್ಲೈ ಮೇಲಿನ ಸಣ್ಣ ಏರಿಳಿತ) ಒಂದೆರಡು ಮೆಟ್ಟಿಲಾಗಿ ಕಾಣುತ್ತದೆ, ಸ್ಟಾಪ್ ಮಾಡಿ ಎಷ್ಟು ಎಳೆದರೂ ಅಷ್ಟೇ. ರಿಪಲ್‌ಗೆ ಎಸಿ ಕಪ್ಲಿಂಗ್ (ಸ್ಥಿರ ವೋಲ್ಟೇಜನ್ನು ತಡೆಯಲು), 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿ (ಅದಕ್ಕಿಂತ ವೇಗದ ಗದ್ದಲ ತಗ್ಗಿಸಲು), 20 ಮಿಲಿವೋಲ್ಟ್/ಡಿವಿಷನ್ ಇಟ್ಟು, ಮೊಸಳೆ ಕ್ಲಿಪ್ಪಿನ ಉದ್ದ ವೈರ್ ತೆಗೆದು ಪ್ರೋಬ್ ತುದಿಯ ಗ್ರೌಂಡ್ ಸ್ಪ್ರಿಂಗ್ ಹಾಕಿ, ಓಡುತ್ತಿರುವಾಗಲೇ ಹೊಸದಾಗಿ ಹಿಡಿಯಿರಿ.