ಪುಣೆಯಲ್ಲಿ ಆರು ವರ್ಷ: ಕರೆಂಟ್, ಸೋಲಾರ್, ಈಗ ಗ್ಯಾಸ್ ಗೀಜರ್

ಧಾರವಾಡ ಬಿಟ್ಟು ಪುಣೆಯ ಧನಕವಡಿಗೆ ಬಂದು ಆರು ವರ್ಷ. ಅಷ್ಟರಲ್ಲಿ ಮೂರು ಥರದ ಬಿಸಿನೀರಿನ ಸ್ನಾನ ಆಗಿದೆ.

ಮೊದಲಿನದು 15 ಲೀಟರಿನ, 2000 ವ್ಯಾಟಿನ ಕರೆಂಟ್ ಗೀಜರ್. 20 ಡಿಗ್ರಿಯ ನೀರು 50ಕ್ಕೆ ಏರಲು ಪ್ರತಿ ಸಲ ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನರಿಗೆ ತಿಂಗಳಿಗೆ 60 ಯೂನಿಟ್. ಫ್ರಿಜ್, ಫ್ಯಾನಿಗೇ 100 ಯೂನಿಟ್ ಮುಗಿದಿರುತ್ತಿತ್ತು. ನೂರು ದಾಟಿದ ಯೂನಿಟ್‌ಗಳಿಗೆ ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದ ದರ ಬಹಳ ಜಾಸ್ತಿ. ಅದಕ್ಕಿಂತ ಕಾಟ ಕೊಟ್ಟದ್ದು ಬೋರ್ ನೀರು. ಮೂರನೇ ವರ್ಷ ಗೀಜರ್ ಕಟಕಟ ಅನ್ನತೊಡಗಿತು. ಬಿಚ್ಚಿಸಿದರೆ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುವ ಮೆಗ್ನೀಸಿಯಂ ರಾಡ್ ಇದ್ದಲ್ಲಿ ಬರೀ ತಂತಿ ನೇತಾಡುತ್ತಿತ್ತು. ಅದನ್ನು ಆಗಾಗ ಬದಲಿಸಬೇಕು ಅಂತ ಮಾರಿದವರು ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಸೊಸೈಟಿಯ ಸೋಲಾರ್. ನಮ್ಮದು ಎರಡನೇ ಮಹಡಿ, ತಾರಸಿ ಏಳನೆಯದರ ಮೇಲೆ. ಪೈಪಿನಲ್ಲಿ ನಿಂತ ತಣ್ಣೀರೇ ಅರ್ಧ ಬಕೆಟ್ ತುಂಬುತ್ತಿತ್ತು. ಮಳೆಗಾಲದಲ್ಲಿ ಆಮೇಲೆ ಬರುವ ನೀರೂ ಬೆಚ್ಚಗಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಕುದಿಕುದಿ ನೀರು, ಆಗ ಯಾರಿಗೆ ಬೇಕು?

ಎರಡು ವರ್ಷದಿಂದ ಪೈಪ್ ಗ್ಯಾಸಿನ 6 ಲೀಟರಿನ ಗೀಜರ್. ಈ 6 ಲೀಟರ್ ಟ್ಯಾಂಕಿನ ಅಳತೆಯಲ್ಲ, ನಿಮಿಷಕ್ಕೆ ಕೊಡುವ ನೀರು. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್, ಆಮೇಲೆ ಭುಗ್ ಅಂತ ನೀಲಿ ಉರಿ. ಗ್ಯಾಸ್ ಬಿಲ್ ಏರಿತು, ಆದರೆ ಕರೆಂಟ್ ಬಿಲ್ ಇಳಿದಷ್ಟಲ್ಲ. ನೀರಿನ ರಭಸ ಕಮ್ಮಿಯಾದರೆ ಹೊತ್ತಿಕೊಳ್ಳುವುದಿಲ್ಲ. ಕಿಡಿ ಹಾರಿಸುವ ಎರಡು ಸೆಲ್ ಸಾಯುವುದೂ ತಲೆಗೆ ಶಾಂಪೂ ಹಚ್ಚಿಕೊಂಡಾಗಲೇ.

ಕೂರಿಸಲು ಬಂದವನು, "ಬಾತ್‌ರೂಮಲ್ಲೇ ಹಾಕೋಣ ಸಾರ್, ಪೈಪ್ ಖರ್ಚು ಉಳಿಯುತ್ತೆ" ಅಂದ. ಖಂಡಿತ ಬೇಡ ಅಂದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವ ಮೊದಲೇ ಎಚ್ಚರ ತಪ್ಪುತ್ತದೆ. ಜಗಳ ಮಾಡಿಯೇ ಡ್ರೈ ಬಾಲ್ಕನಿಗೆ, ಅಂದರೆ ಬಟ್ಟೆ-ಪಾತ್ರೆ ತೊಳೆಯುವ ಗಾಳಿಯಾಡುವ ಸಣ್ಣ ಬಾಲ್ಕನಿಗೆ, ಹಾಕಿಸಿದೆ. ಊರಿಂದ ಬಂದ ಅವ್ವ ನೋಡಿ, "ಒಲಿ ಹೊರಗ, ನೀರು ಒಳಗ. ಹೊಗಿ ಕಾಟಿಲ್ಲ, ಚಲೋ ಆತು ಬಿಡೋ" ಅಂದಳು. ಬಚ್ಚಲ ಹಂಡೆಗೆ ಬೆಂಕಿ ಊದಿ ಕಣ್ಣು ಕೆಂಪಾಗಿಸಿಕೊಂಡವಳು ಅವಳು.

ಎದುರು ಮನೆಯವರೂ ಇದನ್ನೇ ಹಾಕಿಸಲು ಹೊರಟಿದ್ದರು. ಅವರ ಡ್ರೈ ಬಾಲ್ಕನಿ ಪೂರ್ತಿ ಗಾಜಿನಿಂದ ಮುಚ್ಚಿದೆ. ಗಾಜು ತೆಗೆಸಿ, ಇಲ್ಲಾ ಕರೆಂಟಿನದೇ ಇರಲಿ ಅಂದೆ. ಗಾಜು ತೆಗೆದರೆ ಪಾರಿವಾಳ ಬರುತ್ತವಂತೆ. ಕರೆಂಟಿನದೇ ತಂದರು.