ಎಡಿಎಚ್‌ಡಿ ತಪಾಸಣೆ: ಫಾರಂ, ಯಂತ್ರ, ಮಾತುಕತೆ – ಯಾವುದನ್ನು ಎಷ್ಟು ನಂಬಬಹುದು?

ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಇವು ದಿನನಿತ್ಯದ ಬದುಕಿಗೆ ತೊಡಕಾಗುವ ಸ್ಥಿತಿಯೇ ಎಡಿಎಚ್‌ಡಿ. ಅದನ್ನು ರಕ್ತಪರೀಕ್ಷೆಯಿಂದಾಗಲಿ ಮೆದುಳಿನ ಸ್ಕ್ಯಾನ್‌ನಿಂದಾಗಲಿ ಕಂಡುಹಿಡಿಯಲು ಬರುವುದಿಲ್ಲ. ಹಾಗಾಗಿ ತಪಾಸಣೆಯ ಗುಣಮಟ್ಟವೆಲ್ಲ ನಿಂತಿರುವುದು ಎದುರು ಕೂತವರು ಏನು ಕೇಳುತ್ತಾರೆ, ಯಾರ್ಯಾರನ್ನು ಕೇಳುತ್ತಾರೆ ಎಂಬುದರ ಮೇಲೆ. ಒಂದೇ ಹೆಸರಿನಲ್ಲಿ ಎರಡು ಬಗೆಯ ಸೇವೆ ಸಿಗುತ್ತದೆ. ಒಂದು ಕಡೆ ಇಪ್ಪತ್ತು ನಿಮಿಷದಲ್ಲಿ ಫಾರಂ ತುಂಬಿಸಿ, ಅಂಕ ಕೂಡಿ, ಉತ್ತರ ಹೇಳಿ ಕಳಿಸುತ್ತಾರೆ. ಇನ್ನೊಂದು ಕಡೆ ಬಾಲ್ಯದಿಂದ ಇವತ್ತಿನವರೆಗೆ ಕೆದಕಿ, ಮನೆಯವರನ್ನೂ ಶಾಲೆಯವರನ್ನೂ ವಿಚಾರಿಸಿ, ಆಮೇಲೆ ಬಾಯಿ ಬಿಡುತ್ತಾರೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮಾತುಕತೆಯೇ ತಪಾಸಣೆ. ಫಾರಂ ಅದಕ್ಕೆ ಪೀಠಿಕೆ, ಯಂತ್ರ ಬೇಕಿದ್ದರೆ ಒಂದು ಅನುಬಂಧ.

ಫಾರಂಗಳಿಂದ ಶುರುಮಾಡೋಣ. ಮಕ್ಕಳಿಗೆ ಹೆಚ್ಚು ಬಳಕೆಯಲ್ಲಿರುವುದು ವ್ಯಾಂಡರ್‌ಬಿಲ್ಟ್. ಪೋಷಕರ ಪ್ರತಿಯಲ್ಲಿ 55 ಪ್ರಶ್ನೆ, ಶಿಕ್ಷಕರ ಪ್ರತಿಯಲ್ಲಿ 43. ಲಕ್ಷಣಗಳಿಗೆ 0ಯಿಂದ 3ರವರೆಗೆ ಅಂಕ. 2 ಅಥವಾ 3 ಬಂದರೆ ಮಾತ್ರ ಆ ಲಕ್ಷಣ ಲೆಕ್ಕಕ್ಕೆ ಸೇರುತ್ತದೆ. ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ 6, ಅಥವಾ ಚಡಪಡಿಕೆ–ದುಡುಕಿನ 9ರಲ್ಲಿ 6 ಸೇರಬೇಕು. ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಕೊನೆಯಲ್ಲಿ ಓದು, ಬರಹ, ಗೆಳೆತನ ಇವುಗಳಿಗೆ 1ರಿಂದ 5ರ ಅಂಕ ಕೊಡುವ ಭಾಗವಿದೆ; ಅಲ್ಲಿ ಒಂದಾದರೂ 4 ಅಥವಾ 5 ಇಲ್ಲದಿದ್ದರೆ, ಲಕ್ಷಣ ಎಷ್ಟೇ ಇದ್ದರೂ ಫಾರಂ ‘ಹೌದು’ ಅನ್ನುವುದಿಲ್ಲ. ಅವಸರದಲ್ಲಿ ಖಾಲಿ ಬಿಡುವುದು ಈ ಭಾಗವನ್ನೇ. ಇನ್ನೊಂದು ತಪ್ಪು, ಅಪ್ಪ ಅಮ್ಮ ಒಟ್ಟಿಗೆ ಕೂತು ಒಂದೇ ಫಾರಂ ತುಂಬುವುದು. ಇಬ್ಬರೂ ಬೇರೆ ಬೇರೆ ತುಂಬಲಿ. ಉತ್ತರಗಳಲ್ಲಿ ಬರುವ ವ್ಯತ್ಯಾಸವೂ ಒಂದು ಮಾಹಿತಿ. ಶಿಕ್ಷಕರ ಫಾರಂ ಅನ್ನು ಶಾಲೆ ಶುರುವಾದ ಎರಡನೇ ವಾರದಲ್ಲಿ ತುಂಬಿಸಿದರೆ ಉಪಯೋಗವಿಲ್ಲ, ಮಗುವನ್ನು ಕೆಲವು ತಿಂಗಳಾದರೂ ನೋಡಿದವರೇ ಬೇಕು.

ದೊಡ್ಡವರಿಗೆ ಎಎಸ್‌ಆರ್‌ಎಸ್ ಎಂಬ ಫಾರಂ, ತಮ್ಮ ಬಗ್ಗೆ ತಾವೇ ತುಂಬುವಂಥದ್ದು. ಒಟ್ಟು 18 ಪ್ರಶ್ನೆ, ಮೊದಲ 6 ಜರಡಿ ಹಿಡಿಯುವುದಕ್ಕೆ. ಹಳೆಯ 1.1 ಆವೃತ್ತಿಯಲ್ಲಿ ಮೊದಲ ಮೂರಕ್ಕೆ ‘ಕೆಲವೊಮ್ಮೆ’ ಅಂದರೂ ಸಾಕು, ಮುಂದಿನ ಮೂರಕ್ಕೆ ‘ಆಗಾಗ’ ಅನ್ನಬೇಕು. ಆರರಲ್ಲಿ ನಾಲ್ಕು ಸೇರಿದರೆ ಮುಂದಿನ ವಿಚಾರಣೆಗೆ ಅರ್ಹ. ಅಷ್ಟೇ, ‘ಎಡಿಎಚ್‌ಡಿ ಇದೆ’ ಎಂದಲ್ಲ. ಆತಂಕ, ಖಿನ್ನತೆ, ತಿಂಗಳುಗಟ್ಟಲೆ ನಿದ್ದೆಗೆಡುವುದು – ಇವೆಲ್ಲವೂ ಇದೇ ಅಂಕವನ್ನು ಮೇಲೆ ತಳ್ಳುತ್ತವೆ. ಮೊಬೈಲ್‌ನಲ್ಲಿ ಇದನ್ನು ತುಂಬಿಸಿಕೊಂಡು ತಕ್ಷಣ ಪ್ರಮಾಣಪತ್ರ ಕೊಡುವ ಸೇವೆಗೆ ನಾವು ಒಂದು ನಕ್ಷತ್ರವನ್ನೂ ಕೊಡುವುದಿಲ್ಲ.

ನಿಜವಾದ ಕೆಲಸ ನಡೆಯುವುದು ಸಂದರ್ಶನದಲ್ಲಿ. ದೊಡ್ಡವರಿಗೆ ಡೀವಾ-5 ಎಂಬ ಚೌಕಟ್ಟು ಚೆನ್ನಾಗಿದೆ. ಡಿಎಸ್‌ಎಂ-5ರ (ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ) ಹದಿನೆಂಟು ಲಕ್ಷಣಗಳನ್ನೂ ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದನ್ನೂ ಎರಡು ಸಲ ಕೇಳುತ್ತದೆ: ಈಗ ಹೇಗಿದೆ, 5ರಿಂದ 12ನೇ ವಯಸ್ಸಿನಲ್ಲಿ ಹೇಗಿತ್ತು. ಬಾಲ್ಯದ ಪ್ರಶ್ನೆಯನ್ನು ಹಾರಿಸಿದರೆ ತಪಾಸಣೆಯ ಅಡಿಪಾಯವೇ ಇಲ್ಲ. 2013ರ ಡಿಎಸ್‌ಎಂ-5 ಪ್ರಕಾರ 12 ವರ್ಷಕ್ಕೆ ಮೊದಲೇ ಹಲವು ಲಕ್ಷಣಗಳು ಕಾಣಿಸಿರಬೇಕು (ಅದಕ್ಕೂ ಹಿಂದಿನ ನಿಯಮದಲ್ಲಿ 7 ಇತ್ತು). ಮನೆ, ಶಾಲೆ, ಕೆಲಸದ ಜಾಗ ಹೀಗೆ ಎರಡು ಕಡೆಯಾದರೂ ತೊಂದರೆ ಕಾಣಬೇಕು, ಆರು ತಿಂಗಳಾದರೂ ಇರಬೇಕು. 17 ತುಂಬಿದವರಿಗೆ ಆರರ ಬದಲು ಐದು ಲಕ್ಷಣ ಸಾಕು.

ಕೇಳುವ ರೀತಿಯಲ್ಲೇ ಪಳಗಿದ ಕೈ ಗೊತ್ತಾಗುತ್ತದೆ. ‘ಇವನು ಎಲ್ಲ ಮರೆಯುತ್ತಾನೆ’ ಎಂದು ಅಮ್ಮ ಹೇಳಿದರೆ, ಕಾಟಾಚಾರಕ್ಕೆ ಕೂತವರು ‘ಮರೆವು – ಇದೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಬಲ್ಲವರು ಅಲ್ಲೇ ನಿಲ್ಲುತ್ತಾರೆ. ‘ಏನು ಮರೆಯುತ್ತಾನೆ?’ ‘ಹೋಂವರ್ಕ್.’ ‘ಮಾಡುವುದನ್ನು ಮರೆಯುತ್ತಾನೋ, ಮಾಡಿದ್ದನ್ನು ಕೊಡುವುದನ್ನೋ?’ ‘ಮಾಡಿರುತ್ತಾನೆ, ಬ್ಯಾಗಿನಲ್ಲೇ ಇರುತ್ತೆ, ಟೀಚರ್‌ಗೆ ಕೊಟ್ಟಿರಲ್ಲ.’ ‘ಕೊಟ್ಟಿದೀಯಾ ಅಂತ ಟೀಚರ್ ಕೇಳಿದರೆ?’ ‘ಆಗ ತಕ್ಷಣ ತೆಗೆದುಕೊಡುತ್ತಾನೆ.’ ಓದಲು ಬಾರದೆ ಹೋಂವರ್ಕ್ ಬಚ್ಚಿಡುವ ಮಗುವಿಗೂ ಮಾಡಿ ಮುಗಿಸಿ ಕೈಬಿಡುವ ಮಗುವಿಗೂ ಇರುವ ಅಂತರ ಈ ನಾಲ್ಕು ಮಾತಿನಲ್ಲಿ ಬಯಲಾಗುತ್ತದೆ. ಮೊದಲನೆಯದಕ್ಕೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕಾಗಬಹುದು; ಎರಡೂ ಒಟ್ಟಿಗೆ ಇರುವುದೂ ಉಂಟು.

ಹೋಗುವಾಗ ಹಳೆಯ ಶಾಲಾ ಪ್ರಗತಿಪತ್ರಗಳು ಸಿಕ್ಕಷ್ಟು ಒಯ್ಯಿರಿ. ಅಂಕಕ್ಕಿಂತ ಮುಖ್ಯ ಶಿಕ್ಷಕರು ಕೆಳಗೆ ಬರೆದ ಒಂದು ಸಾಲು. ‘ಬುದ್ಧಿವಂತೆ, ಆದರೆ ತರಗತಿಯಲ್ಲಿ ಮನಸ್ಸು ಎಲ್ಲೋ ಇರುತ್ತದೆ’ ಎಂಬ ಸಾಲು ಮೂರು ವರ್ಷ ಮೂರು ಬೇರೆ ಬೇರೆ ಕೈಬರಹದಲ್ಲಿ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಗಲಾಟೆ ಮಾಡದೆ ಮೂಲೆಯಲ್ಲಿ ಕೂತ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ದೊಡ್ಡವರಾಗಿಬಿಡುತ್ತಾರೆ. ಅವರ ಪಾಲಿಗೆ ಈ ಕಾಗದಗಳೇ ದಿಕ್ಕು. ಕಾಗದ ಇಲ್ಲದಿದ್ದರೆ ಅಪ್ಪ, ಅಮ್ಮ, ಅಕ್ಕ, ಅಣ್ಣ, ಬಾಲ್ಯ ಕಂಡ ಯಾರಾದರೊಬ್ಬರು ಜೊತೆಗೆ ಬರಲಿ, ಇಲ್ಲವೇ ಫೋನಿನಲ್ಲಾದರೂ ಸಿಗಲಿ. ಗಂಡ ಅಥವಾ ಹೆಂಡತಿ ಈಗಿನದನ್ನು ಹೇಳಬಲ್ಲರು, ಆಗಿನದನ್ನಲ್ಲ.

ಇನ್ನು ಯಂತ್ರ. ಟೋವಾ ಎಂಬ ಗಮನ ಪರೀಕ್ಷೆ ಸುಮಾರು 22 ನಿಮಿಷದ್ದು. ಪರದೆಯ ಮೇಲೆ ಒಂದು ಚೌಕ, ಅದರೊಳಗೆ ಪುಟ್ಟ ಚೌಕ. ಪುಟ್ಟದು ಮೇಲುಗಡೆ ಬಂದಾಗ ಮಾತ್ರ ಗುಂಡಿ ಒತ್ತಬೇಕು. ಮೊದಲರ್ಧದಲ್ಲಿ ಒತ್ತಬೇಕಾದ ಸಂದರ್ಭ ಅಪರೂಪ, ಆಗ ಗಮನ ಜಾರುವುದು ಕಾಣುತ್ತದೆ. ಎರಡನೆಯ ಅರ್ಧದಲ್ಲಿ ಪದೇ ಪದೇ ಬರುತ್ತದೆ, ಆಗ ದುಡುಕು ಕಾಣುತ್ತದೆ. ಕ್ಯೂಬಿ ಟೆಸ್ಟ್‌ನಲ್ಲಿ ಇದರ ಜೊತೆಗೆ ಹಣೆಗೆ ಪಟ್ಟಿ ಕಟ್ಟಿ ತಲೆಯ ಅಲುಗಾಟವನ್ನೂ ಕ್ಯಾಮೆರಾ ಅಳೆಯುತ್ತದೆ. ಚಿಕ್ಕ ಮಕ್ಕಳಿಗೆ 15 ನಿಮಿಷ, ದೊಡ್ಡವರಿಗೆ 20. ವಿನ್ಯಾಸ ಜಾಣತನದ್ದೇ. ಆದರೆ ನಿಶ್ಶಬ್ದ ಕೋಣೆ, ಹೊಸ ಆಟಿಕೆ, ಪಕ್ಕದಲ್ಲೊಬ್ಬರು ಕೂತಿರುವುದು, ಇದೇ ವಾತಾವರಣದಲ್ಲಿ ಎಡಿಎಚ್‌ಡಿ ಇರುವವರೂ ಎಷ್ಟೋ ಸಲ ಸರಿಯಾಗಿ ಮಾಡಿಬಿಡುತ್ತಾರೆ. ಹಿಂದಿನ ರಾತ್ರಿ ನಿದ್ದೆ ಇಲ್ಲದ, ಎಡಿಎಚ್‌ಡಿಯೂ ಇಲ್ಲದ ವ್ಯಕ್ತಿ ತಪ್ಪು ಮಾಡುತ್ತಾನೆ. ಹಾಗಾಗಿ ಯಂತ್ರದ ವರದಿ ಒಂದರ ಮೇಲೆಯೇ ‘ಇದೆ’ ಅಥವಾ ‘ಇಲ್ಲ’ ಅಂದರೆ ಒಪ್ಪಬೇಡಿ. ಪರೀಕ್ಷೆಗೆ ಕೂರುವುದಾದರೆ ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆಗೆ ತಿಂದು, ಕನ್ನಡಕ ಇದ್ದರೆ ಹಾಕಿಕೊಂಡೇ ಹೋಗಿ. ಕಾಫಿಯ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಒಳ್ಳೆಯ ತಪಾಸಕರು ಬೇರೆ ಕಾರಣಗಳನ್ನೂ ಹುಡುಕುತ್ತಾರೆ: ಕಿವಿ, ಕಣ್ಣು, ಥೈರಾಯ್ಡ್, ಕಬ್ಬಿಣದ ಕೊರತೆ, ಕೆಲವು ಕ್ಷಣ ಶೂನ್ಯ ನೋಟದಲ್ಲಿ ನಿಂತುಬಿಡುವ ಒಂದು ಬಗೆಯ ಮೂರ್ಛೆರೋಗ. ಗೊರಕೆಯ ಬಗ್ಗೆ ಕೇಳದವರ ಮೇಲೆ ನಮಗೆ ನಿಜಕ್ಕೂ ಕೋಪವಿದೆ. ರಾತ್ರಿ ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುವ ಮಗು ಹಗಲು ತೂಕಡಿಸುವ ಬದಲು ಎಷ್ಟೋ ಸಲ ಕುಣಿದಾಡುತ್ತದೆ.

‘ಮಾತ್ರೆ ಕೊಟ್ಟು ನೋಡೋಣ, ಗಮನ ಹೆಚ್ಚಿದರೆ ಎಡಿಎಚ್‌ಡಿ’ ಎನ್ನುವ ವಾದ ಇನ್ನೂ ಕೇಳಿಬರುತ್ತದೆ. ಅದು ತಪ್ಪು. ತೊಂದರೆಯೇ ಇಲ್ಲದ ಹುಡುಗರಿಗೂ ಉತ್ತೇಜಕ ಔಷಧದಿಂದ ಗಮನ ಹೆಚ್ಚಿ ಚಡಪಡಿಕೆ ತಗ್ಗುತ್ತದೆ ಎಂದು ಅಮೆರಿಕದ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು 1978ರಲ್ಲೇ ತೋರಿಸಿದ್ದಾರೆ.

ಕೊನೆಗೆ ಕೈಗೆ ಬರುವ ರಿಪೋರ್ಟ್. ‘ಎಡಿಎಚ್‌ಡಿ ಇದೆ’ ಎಂಬ ಒಂದು ಸಾಲಿನ ಚೀಟಿಯನ್ನು ಒಪ್ಪಿಕೊಳ್ಳಬೇಡಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ಅದು ಕೆಲಸಕ್ಕೆ ಬರುವುದು ಕಷ್ಟ. ಯಾವ ಬಗೆ (ಗಮನದ್ದು, ಚಡಪಡಿಕೆಯದ್ದು, ಎರಡೂ), ಯಾವ ಸಾಧನ ಬಳಸಿದರು, ಯಾರನ್ನು ಮಾತಾಡಿಸಿದರು, ಪ್ರತಿ ಲಕ್ಷಣಕ್ಕೂ ಒಂದು ಉದಾಹರಣೆ, ಬೇರೆ ಏನೇನನ್ನು ಪರಿಶೀಲಿಸಿ ತಳ್ಳಿಹಾಕಿದರು, ಮುಂದೆ ಏನು – ಇಷ್ಟೂ ಅದರಲ್ಲಿರಬೇಕು. ‘ಇಲ್ಲ’ ಎಂದು ಬಂದರೂ ಇಷ್ಟೇ ವಿವರ ಕೇಳಿ ಪಡೆಯಿರಿ. ಔಷಧದ ಮಾತು ಬಂದರೆ, ಮೊದಲ ಮಾತ್ರೆಗೂ ಮುಂಚೆ ಎತ್ತರ, ತೂಕ, ನಾಡಿ, ರಕ್ತದೊತ್ತಡ ಬರೆದುಕೊಂಡರೇ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ತೀರಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರೇ ಎಂಬುದನ್ನು ಅಲ್ಲೇ ನೋಡಿಕೊಳ್ಳಿ.