ಹಳೆಯ ಪ್ರಾಕ್ಟೀಸ್ ಪ್ಯಾಡ್: ಉಜ್ಜುವುದೋ, ಮಗುಚುವುದೋ, ಹೊಸ ರಬ್ಬರ್ ಹಾಕುವುದೋ?

ಡ್ರಮ್ ಅಭ್ಯಾಸಕ್ಕೆಂದು ವರ್ಷಗಟ್ಟಲೆ ಬಳಸಿದ ಮೂರು ಪ್ಯಾಡ್‌ಗಳು ನನ್ನಲ್ಲಿ ಮೂಲೆ ಸೇರಿದ್ದವು. ಮೂರರದ್ದೂ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಮೇಲೆ ಅಂಟಿಸಿದ ಸಹಜ ರಬ್ಬರಿನ ಹಾಸು. ಕೋಲು ಬೀಳುವ ನಡುಭಾಗ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ‘ದಪ್’ ಎನ್ನಬೇಕಾದ ಪೆಟ್ಟು ‘ಟಕ್’ ಎನ್ನುತ್ತಿತ್ತು. ಎಸೆಯುವ ಮೊದಲು ಒಂದೊಂದನ್ನೂ ಒಂದೊಂದು ಬಗೆಯಲ್ಲಿ ರಿಪೇರಿ ಮಾಡಿ ನೋಡೋಣವೆಂದು ಹೊರಟೆ.

ಮೊದಲನೆಯದನ್ನು ಉಜ್ಜಿದೆ. ಗಾಳಿ, ಬೆಳಕುಗಳಿಂದ ರಬ್ಬರ್ ಗಡುಸಾಗುವುದು ಮೇಲ್ಪದರದಿಂದ ಆರಂಭವಾಗುವ ಕಾರಣ, 120ರ ಮರಳುಕಾಗದದಿಂದ ಸುತ್ತುಸುತ್ತಾಗಿ ತಿಕ್ಕಿದರೆ ಒಳಗಿನ ಮೆದು ಪದರ ಹೊರಬರುತ್ತದೆ. ಅರ್ಧ ಗಂಟೆಯಲ್ಲಿ ಹೊಳಪು ಹೋಗಿ ಕೋಲಿಗೆ ಹಿಡಿತ ಸಿಕ್ಕಿತು. ಆದರೆ ಕೆಲವೇ ತಿಂಗಳುಗಳಲ್ಲಿ ಹೊಳಪು ಮರಳಿತು. ಉಗುರು ಒತ್ತಿದಾಗ ಗುರುತೇ ಮೂಡದಷ್ಟು ರಬ್ಬರ್ ಗಟ್ಟಿಯಾಗಿದ್ದರೆ ಈ ಶ್ರಮವೇ ವ್ಯರ್ಥ. ಪೆಟ್ರೋಲು ಅಥವಾ ಸೀಮೆಎಣ್ಣೆಯಿಂದ ಒರೆಸುವ ಸಲಹೆಯನ್ನಂತೂ ಪಾಲಿಸಬಾರದು, ಸಹಜ ರಬ್ಬರ್ ಅವುಗಳನ್ನು ಹೀರಿ ಉಬ್ಬುತ್ತದೆ.

ಎರಡನೆಯದನ್ನು ಮಗುಚಿದೆ. ಅಂಟಿನ ಕಡೆಯ ಮೈ ಅಷ್ಟು ವರ್ಷ ಬೆಳಕನ್ನೇ ಕಂಡಿರಲಿಲ್ಲವಾದ್ದರಿಂದ ಅದು ಇನ್ನೂ ಮೆತ್ತಗಿರಬಹುದೆಂಬ ಊಹೆ ನಿಜವಾಯಿತು. ಹೇರ್ ಡ್ರೈಯರಿನಿಂದ ಅಂಚನ್ನು ಬಿಸಿಮಾಡಿ, ತೆಳ್ಳನೆಯ ಚಾಕು ತೂರಿಸಿ, ಬೆರಳಗಲದಷ್ಟು ಬಿಟ್ಟುಕೊಂಡಂತೆಲ್ಲ ಮತ್ತೆ ಬಿಸಿಮಾಡುತ್ತಾ ಹೋದರೆ ಹಾಳೆ ಹರಿಯದೆ ಬರುತ್ತದೆ. ಅದರೊಂದಿಗೆ ಹಲಗೆಯ ನಾರೂ ಕಿತ್ತು ಬಂದು, ಅದನ್ನು ಕೆರೆದು ತೆಗೆಯುವುದರಲ್ಲೇ ಒಂದು ಸಂಜೆ ಕಳೆಯಿತು. ಫಲ ಮಾತ್ರ ಉಜ್ಜಿದ್ದಕ್ಕಿಂತ ಎಷ್ಟೋ ಮೇಲು: ಪುಟಿತ ಎಲ್ಲ ಕಡೆಯೂ ಒಂದೇ ಸಮನಾಯಿತು, ಸದ್ದೂ ತಗ್ಗಿತು. ಹೊಸದೇನನ್ನೂ ಕೊಳ್ಳಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದಕ್ಕೆ 6 ಮಿಲಿಮೀಟರ್ ದಪ್ಪದ ಹೊಸ ಸಹಜ ರಬ್ಬರ್ ಹಾಳೆ ಹಾಕಿದೆ. ಹಾಳೆ ಕತ್ತರಿಸುವಾಗ ಒಣ ಅಲಗನ್ನು ರಬ್ಬರ್ ಕಚ್ಚಿಕೊಳ್ಳುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಅಲಗು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಅಂಟಿನಲ್ಲಿ ಮಾತ್ರ ನಾನು ಎಡವಿದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗಳಿಗೆ ಸವರಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಜೋಡಿಸಬೇಕು. ಹಸಿಯಾಗಿದ್ದಾಗಲೇ ಒತ್ತಿಬಿಟ್ಟೆನಾಗಿ ಒಳಗೆ ಸಿಕ್ಕಿಬಿದ್ದ ದ್ರಾವಕದಿಂದ ನಡುವೆಯೇ ಗುಳ್ಳೆ ಎದ್ದು, ಅಲ್ಲಿ ಬಿದ್ದ ಪೆಟ್ಟೆಲ್ಲ ಟೊಳ್ಳಾಗಿ ಕೇಳಿಸಿತು. ಕಿತ್ತು ಮತ್ತೆ ಅಂಟಿಸುವಾಗ ಕಾಯ್ದೆ. ಆರಿದ ಮೈಗಳು ಒಮ್ಮೆ ತಾಗಿದರೆ ಕದಲುವುದಿಲ್ಲವಾದ್ದರಿಂದ ನಡುವೆ ಬೇಕಿಂಗ್ ಕಾಗದ ಇಟ್ಟು, ಹಾಳೆಯನ್ನು ಸರಿಯಾಗಿ ಕೂರಿಸಿ, ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡೆ. ಒಂದೊಂದು ಕೈಯಿಂದ ಎರಡೆರಡು ಪೆಟ್ಟು ಹಾಕುತ್ತಾ ಹೋಗುವ ಡಬಲ್ ಸ್ಟ್ರೋಕ್ ರೋಲ್‌ಗೆ ಬೇಕಾದ ಚುರುಕು ಮೂರರಲ್ಲಿ ಪೂರ್ತಿ ದೊರೆತದ್ದು ಇದರಲ್ಲೇ.

ಹಳೆಯ ಮೌಸ್ ಪ್ಯಾಡ್ ಅಂಟಿಸಿದರೆ ಸಾಕೆನ್ನುವವರೂ ಇದ್ದಾರೆ. ಅದು ಬಹಳ ನಿಶ್ಶಬ್ದ, ಆದರೆ ಪುಟಿತ ಸತ್ತೇ ಹೋಗುತ್ತದೆ. ಎರಡನೇ ಪೆಟ್ಟನ್ನು ಬೆರಳು, ಮಣಿಕಟ್ಟುಗಳೇ ಎತ್ತಬೇಕಾಗುತ್ತದೆ. ಕೈಗೆ ಇದೂ ಒಳ್ಳೆಯ ಕಸರತ್ತೇ ಆದರೂ ಅದೊಂದರಲ್ಲೇ ಅಭ್ಯಾಸ ಮಾಡಿದರೆ ನಿಜವಾದ ಸ್ನೇರ್ ಡ್ರಮ್ಮಿನ ಮುಂದೆ ಕೈ ತಬ್ಬಿಬ್ಬಾಗುತ್ತದೆ. ಹಾಗಾಗಿ ಅದನ್ನು ಅಂಟಿಸದೆ, ರಾತ್ರಿಯ ಹೊತ್ತು ರಬ್ಬರಿನ ಮೇಲೆ ಹಾಸಿಕೊಳ್ಳುತ್ತೇನೆ.

ನೀರು ಕುಡಿದು ಅಂಚು ಊದಿಕೊಂಡ ಎಂಡಿಎಫ್ ಹಲಗೆಗೆ ಮಾತ್ರ ಮದ್ದಿಲ್ಲ. ಮೊದಲ ಪ್ಯಾಡ್‌ನ ಹಲಗೆ ಹಾಗೆಯೇ ಆಗಿತ್ತು; ಅದನ್ನು ಬಿಟ್ಟು ಪ್ಲೈವುಡ್ ಹಾಕಿದೆ. ಹೊಸ ಹಾಳೆ ಕತ್ತರಿಸಿ ಉಳಿದ ಚೂರುಗಳನ್ನು ಅದರ ಅಡಿಗೆ ನಾಲ್ಕು ಕಡೆ ಅಂಟಿಸಿದ ಮೇಲೆ ಪ್ಯಾಡ್ ಮೇಜಿನ ಮೇಲೆ ಜಾರುವುದೂ ನಿಂತಿತು.